ಔಷಧಿ ಕಲಸುವ ಕೈ

ಔಷಧಿಯನ್ನು ಎಡಗೈಯಲ್ಲಿ ಕಲಸಬೇಕು. ಬಲಗೈ ಉಣ್ಣುವ ಕೈ. ಅದನ್ನು ಡ್ರಮ್ಮಿಗೆ ಇಳಿಸಬಾರದು.

ಇದು ಮುನಿತಾಯಮ್ಮ ತನಗೆ ತಾನೇ ಮಾಡಿಕೊಂಡ ಕಾನೂನು. ಕೆಂಗೇರಿ ಉಪನಗರದ ಆಚೆ, ಮಹೇಶ್ ಗೌಡನ ಕರಿಬೇವು ಮತ್ತು ಗುಲಾಬಿ ತೋಟಕ್ಕೆ ಕೂಲಿಗೆ ಬರುವ ಹೆಂಗಸರಿಗೆಲ್ಲ ಅವಳು ಇದನ್ನೇ ಹೇಳಿಕೊಟ್ಟಿದ್ದಳು. ಹುಳದ ಔಷಧಿ ಪುಡಿಯಾಗಿ ಬರುತ್ತದೆ. ಕೋಲಿನಲ್ಲಿ ತಿರುವಿದರೆ ಗಂಟು ಕಟ್ಟಿ ತಳದಲ್ಲಿ ಕೂರುತ್ತದೆ. ಗಂಟು ಉಳಿದರೆ ಪಂಪಿನ ಮೂತಿ ಕಟ್ಟಿಕೊಳ್ಳುತ್ತದೆ. ಮೂತಿ ಕಟ್ಟಿಕೊಂಡರೆ ಬೈಗುಳ. ಆದ್ದರಿಂದ ಮೊಣಕೈವರೆಗೆ ಕೈ ಇಳಿಸಿ, ತಳ ಸವರಿ, ಗಂಟುಗಳನ್ನು ಬೆರಳಲ್ಲಿ ಹಿಸುಕಿ ಒಡೆಯಬೇಕು. ಗೌಡ ಒಮ್ಮೆ ರಬ್ಬರ್ ಗ್ಲೌಸು ತಂದುಕೊಟ್ಟಿದ್ದ. ಎರಡನೆಯ ಸಲಕ್ಕೇ ಹರಿಯಿತು. ಮತ್ತೆ ತರಲಿಲ್ಲ.

"ಎಡಗೈ ಹೋದ್ರೆ ಹೋಗ್ಲಿ ಕಣ್ರವ್ವಾ, ಉಣ್ಣೋ ಕೈ ಉಳಿಸ್ಕೊಳ್ಳಿ" ಎನ್ನುತ್ತಿದ್ದಳು ಮುನಿತಾಯಮ್ಮ. ಅವಳ ಮೈದುನ ದೊಡ್ಡಣ್ಣನ ಮಗಳು ರಾಗಿಣಿ ಗುಲಾಬಿ ಬಿಡಿಸಲು ಬರುವವಳು. ಮಾತಿನ ಮಲ್ಲಿ. ಬಲಗೈಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು, ಎಡಗೈಯನ್ನು ಗಾಳಿಯಲ್ಲಿ ಗಿರಗಿರ ತಿರುವಿ ದೊಡ್ಡಮ್ಮನನ್ನು ಅಣಕಿಸುತ್ತಿದ್ದಳು. ಹೆಂಗಸರೆಲ್ಲ ಬಿದ್ದು ಬಿದ್ದು ನಗುತ್ತಿದ್ದರು. ಮುನಿತಾಯಮ್ಮನೂ ನಗುತ್ತಿದ್ದಳು.

ಎಡಗೈ ಹೋಯಿತು. ಮೊದಲು ಚರ್ಮ ಸುಲಿಯಿತು. ಆಮೇಲೆ ಉಗುರು ಹಳದಿಯಾಯಿತು. ಕೊನೆಗೆ ಬೆರಳಿಗೆ ಬಿಸಿ ಯಾವುದು, ತಣ್ಣಗೆ ಯಾವುದು ಎಂದು ತಿಳಿಯದಾಯಿತು. ಒಂದು ದಿನ ಒಲೆಯ ಮೇಲಿನ ಪಾತ್ರೆಯನ್ನು ಬರಿಗೈಯಲ್ಲಿ ಇಳಿಸಿದಳು. ಸುಟ್ಟ ವಾಸನೆ ಬಂದ ಮೇಲೆ ಕೈ ನೋಡಿಕೊಂಡಳು. ಆಸ್ಪತ್ರೆಯಲ್ಲಿ ನರ ಸತ್ತಿದೆ ಎಂದರು. ಔಷಧಿ ಮುಟ್ಟಬೇಡ ಎಂದರು. ಮುಟ್ಟದೆ ಏನು ತಿನ್ನಬೇಕು ಎಂದು ಅವಳು ಕೇಳಲಿಲ್ಲ. ಅದು ಅವರಿಗೆ ಗೊತ್ತಿರುವ ವಿಷಯವಲ್ಲ.

ಕೆಲಸ ಮುಗಿದ ಮೇಲೆ ಗೌಡನ ಮನೆಯ ಹಿತ್ತಲಲ್ಲಿ ಕೈ ತೊಳೆಯಬೇಕು. ಅಲ್ಲಿ ಗೋಡೆಗೊಂದು ನಲ್ಲಿಯಿದೆ. ಮುನಿತಾಯಮ್ಮ ಅದನ್ನು ಮುಟ್ಟುವಂತಿಲ್ಲ. ಗೌಡನ ಹೆಂಡತಿ ಅನಂತಲಕ್ಷ್ಮಿ ಮಗ್ಗಿನಲ್ಲಿ ನೀರು ಹಿಡಿದು ಮೇಲಿನಿಂದ ಸುರಿಯುತ್ತಾಳೆ. ಬಗ್ಗಿ ಎರಡೂ ಕೈ ಒಡ್ಡಬೇಕು. ಹಿಂದೆ ಅನಂತಲಕ್ಷ್ಮಿಯ ಅತ್ತೆ ಚೊಂಬಿನಲ್ಲಿ ಹೀಗೇ ಸುರಿಯುತ್ತಿದ್ದಳು. ಆಕೆ ಜಾತಿಯ ಹೆಸರು ಹಿಡಿದೇ ಸುರಿಯುತ್ತಿದ್ದಳು, ಮುಚ್ಚುಮರೆ ಇರಲಿಲ್ಲ. ಅನಂತಲಕ್ಷ್ಮಿ ಓದಿದವಳು. ಜಾತಿ ಎತ್ತುವುದಿಲ್ಲ.

"ತಪ್ಪು ತಿಳ್ಕೋಬೇಡ ಮುನಿತಾಯಮ್ಮ. ನಿನ್ನ ಕೈಲಿ ಔಷಧಿ ಇರುತ್ತಲ್ಲ. ಮನೇಲಿ ಮಗು ಇದೆ" ಎನ್ನುತ್ತಾಳೆ.

ಜಾತಿ ಹೋಗಿ ಔಷಧಿ ಬಂತು. ನೀರು ಬೀಳುವ ಎತ್ತರ ಮಾತ್ರ ಅಷ್ಟೇ ಉಳಿಯಿತು. ಔಷಧಿ ಮುಟ್ಟದೆ ಬರೀ ಕಳೆ ಕಿತ್ತ ದಿನವೂ ನಲ್ಲಿ ಮುಟ್ಟುವಂತಿರಲಿಲ್ಲ. ಅದು ಯಾಕೆ ಎಂದು ಮುನಿತಾಯಮ್ಮ ಬಾಯಿ ಬಿಡಲಿಲ್ಲ. ಬಿಟ್ಟರೆ ಷೆಡ್ಡು ಹೋಗುತ್ತದೆ. ತೋಟದ ಬದುವಿನ ಮೇಲಿನ ಆ ತಗಡಿನ ಷೆಡ್ಡು ಗೌಡನದು. ಅವಳ ಗಂಡ ರಾಮಯ್ಯ ವರ್ಷಗಟ್ಟಲೆ ಬೆನ್ನಿಗೆ ಪಂಪು ಹೊತ್ತು, ಕೊನೆಗೆ ಕೆಮ್ಮಿ ಕೆಮ್ಮಿ ಆ ಷೆಡ್ಡಿನಲ್ಲೇ ಸತ್ತ.

ಈಗ ಅಲ್ಲಿಗೆ ಮಗಳು ವಚನಾ ಬಂದಿದ್ದಳು. ಬಸುರಿ. ಹೊಟ್ಟೆ ಈಗಷ್ಟೇ ಕಾಣುತ್ತಿತ್ತು. ಅವಳ ಗಂಡನಿಗೆ ಕಾಮಾಕ್ಷಿಪಾಳ್ಯದ ಲೇತ್ ವರ್ಕ್‌ಶಾಪಿನಲ್ಲಿ ಕೆಲಸ. ಅಲ್ಲಿ ಗಂಡಸರ ಜೊತೆ ಒಂದೇ ಕೋಣೆಯ ವಾಸ. ಬಾಣಂತನ ಮುಗಿಯಲಿ ಎಂದು ಹೆಂಡತಿಯನ್ನು ಇಲ್ಲಿ ಬಿಟ್ಟುಹೋಗಿದ್ದ.

ಅವತ್ತು ಬೆಳಿಗ್ಗೆ ಪಂಪಿನ ಮೂತಿ ಮತ್ತೆ ಮತ್ತೆ ಕಟ್ಟಿಕೊಂಡಿತು. ಪಂಪು ಹೊತ್ತಿದ್ದ ದೊಡ್ಡಣ್ಣ ಬಿಚ್ಚಿ ಬಿಚ್ಚಿ ಊದಿ ಸುಸ್ತಾದ. ಮಹೇಶ್ ಗೌಡ ಬದುವಿನ ಮೇಲೆ ಬಂದು ನಿಂತ.

"ಏನ್ ಮುನಿತಾಯಿ, ಗಂಟು ಒಡೆಯಕ್ಕೂ ಆಗಲ್ವಾ ನಿಂಗೆ?"

"ಬೆರಳಿಗೆ ತಿಳೀತಿಲ್ಲ ಗೌಡ್ರೇ. ಗಂಟು ಯಾವ್ದು, ನೀರು ಯಾವ್ದು, ಗೊತ್ತೇ ಆಗಾಕಿಲ್ಲ."

"ಹಂಗಾದ್ರೆ ಇನ್ಮೇಲೆ ವಚನಾನ ಕಳ್ಸು. ಷೆಡ್ಡಲ್ಲಿ ಸುಮ್ನೆ ಬಿದ್ಕೊಂಡವಳೆ."

"ಬಸುರಿ ಹೆಂಗ್ಸು ಗೌಡ್ರೇ."

"ನೀನೂ ಬಸುರೀಲಿ ಕಲಸ್ತಿದ್ದೆ. ನಾನ್ ನೋಡಿಲ್ವಾ?"

ನೋಡಿದ್ದ. ಅವಳು ಕಲಸಿದ್ದೂ ನಿಜ. ಅದು ವಚನಾಳ ಬೆನ್ನಿಗೆ ಬಂದ ಕೂಸು. ಹುಟ್ಟುವಾಗಲೇ ಉಸಿರಿರಲಿಲ್ಲ. ಔಷಧಿಯಿಂದ ಹೀಗಾಯಿತು ಎಂದು ಯಾರೂ ಹೇಳಲಿಲ್ಲ. ಔಷಧಿಯಿಂದಲ್ಲ ಎಂದೂ ಯಾರೂ ಹೇಳಲಿಲ್ಲ. ಅವಳ ಜನರ ಕಾಲೊನಿಯವರು ತಮ್ಮ ಕೂಸುಗಳನ್ನು ಹೂಳುವ ಜಾಗ ತೋಟದ ಬೇಲಿಗೆ ತಾಗಿಕೊಂಡೇ ಇತ್ತು. ಅಲ್ಲೇ ಹೂತರು. ತಲೆಯ ಕಡೆ ಒಂದು ಎಕ್ಕದ ಗಿಡ ನೆಟ್ಟರು. ಅವರಲ್ಲಿ ಅದು ಪದ್ಧತಿ. ಕಲ್ಲು ನೆಡಲು ಕೈಯಲ್ಲಿ ಕಾಸಿಲ್ಲದವರು ಎಕ್ಕ ನೆಡುತ್ತಾರೆ. ಎಕ್ಕವನ್ನು ಆಡು ತಿನ್ನುವುದಿಲ್ಲ. ನೀರು ಹಾಕದಿದ್ದರೂ ಬದುಕುತ್ತದೆ.

ವಚನಾಳ ಕೈಯನ್ನು ಆ ಡ್ರಮ್ಮಿಗೆ ಇಳಿಸಲು ಬಿಡಬಾರದು. ಮುನಿತಾಯಮ್ಮನಿಗೆ ಆ ಕ್ಷಣದಿಂದ ಇದೊಂದೇ ಚಿಂತೆಯಾಯಿತು. ಸಂಜೆ ಗೌಡನ ಜಗಲಿಯ ಕೆಳಗೆ ಹೋಗಿ ನಿಂತಳು. ಗೌಡ ಮೈಸೂರು ರಸ್ತೆಯಲ್ಲಿ ಒಂದು ಕಲ್ಯಾಣ ಮಂಟಪ ಕಟ್ಟಿಸಿದ್ದ. ಬರುವ ಭಾನುವಾರ ಅದರ ಆರಂಭ. ಸಮಾರಂಭ ನಡೆಸಿಕೊಡುವ ಮಂಜುನಾಥ್ ಎಂಬಾತ ಕುರ್ಚಿಯಲ್ಲಿ ಕುಳಿತು ಲ್ಯಾಪ್‌ಟಾಪ್ ತೋರಿಸುತ್ತಿದ್ದ.

"ಮೊಮ್ಮಗಳು ರಿಬ್ಬನ್ ಎಳೀತಾಳೆ ಸಾರ್. ಬಾಕ್ಸಿಂದ ಚಿಟ್ಟೆಗಳು ಹಾರ್ತವೆ. ಈಗ ಅದೇ ಟ್ರೆಂಡು. ಆದ್ರೆ ಚಿಟ್ಟೆ ಹೊರಗಡೆಯಿಂದ ತರಿಸ್ಬೇಕು."

"ಚಿಟ್ಟೆ ದುಡ್ಡು ಕೊಟ್ಟು ತರ್ಸೋದಾ? ನಾವ್ ಚಿಕ್ಕೋರಿದ್ದಾಗ ನಮ್ ತೋಟದಲ್ಲಿ ಮುಖಕ್ಕೆ ಬಂದ್ ಹೊಡಿತಿದ್ವಲ್ಲ ಗುರು!" ಗೌಡ ಕೆಳಗೆ ನೋಡಿದ. "ಏ ಮುನಿತಾಯಿ, ಒಂದಷ್ಟು ಚಿಟ್ಟೆ ಹಿಡ್ಕೊಂಡ್ ಬಾ. ಭಾನುವಾರಕ್ಕೆ."

ಮುನಿತಾಯಮ್ಮ ಸೆರಗು ಸರಿಮಾಡಿಕೊಂಡಳು. "ತತ್ತೀನಿ ಗೌಡ್ರೇ. ನನ್ನ ಮಗಳಿಗೆ ಮಂಟಪದಲ್ಲಿ ಕಸ ಗುಡಿಸೋ ಕೆಲ್ಸ ಕೊಡಿ. ಔಷಧಿ ಕೆಲ್ಸ ಬ್ಯಾಡ."

ಗೌಡನಿಗೆ ಅವತ್ತು ಒಳ್ಳೆಯ ಗಳಿಗೆಯಿತ್ತು. "ತಗೊಂಡ್ ಬಾ. ಇಬ್ರೂನೂ ಹಾಕ್ಕೊತೀನಿ" ಎಂದ.

ಮಾರನೆಯ ದಿನ ಮುನಿತಾಯಮ್ಮ, ವಚನಾ, ರಾಗಿಣಿ ಮೂವರೂ ತೋಟ ಸುತ್ತಿದರು. ಗುಲಾಬಿ ಸಾಲಿನಲ್ಲಿ ಒಂದೂ ಇರಲಿಲ್ಲ. ಕರಿಬೇವಿನಲ್ಲಿ ಒಂದೂ ಇರಲಿಲ್ಲ. ಎಲ್ಲಿಂದ ಬರಬೇಕು? ಕರಿಬೇವಿನ ಎಲೆಯ ಮೇಲೆ ಹಸಿರು ಹುಳ ಕಂಡರೆ ಸಾಕು, ಗೌಡ ಡ್ರಮ್ಮು ತೆಗೆಸುತ್ತಿದ್ದ. ಎಲೆಯಲ್ಲಿ ತೂತಿದ್ದರೆ ಮಾರ್ಕೆಟ್ಟಿನಲ್ಲಿ ಕೇಳುವವರಿಲ್ಲ. ಬಡಾವಣೆಯ ಹೆಂಗಸರಿಗೆ ಕಲೆಯಿಲ್ಲದ ಸೊಪ್ಪು ಬೇಕು. ಆ ಹುಳವೇ ನಾಳೆಯ ಚಿಟ್ಟೆ. ಅದನ್ನು ವರ್ಷವರ್ಷವೂ ಸಾಯಿಸಿದ ಔಷಧಿಯನ್ನು ಕಲಸಿದವಳು ಮುನಿತಾಯಮ್ಮ. ಈಗ ಅವಳೇ ಚಿಟ್ಟೆ ಹುಡುಕುತ್ತಿದ್ದಳು.

ತೋಟದಾಚೆ ಹೋದರು. ಕೆರೆಯ ಏರಿಗೆ ಹೋದರು. ಪಕ್ಕದವರ ಟೊಮೇಟೊ ಹೊಲಕ್ಕೆ ಹೋದರು. ಅಲ್ಲಿ ಔಷಧಿಯ ವಾಸನೆಗೆ ವಚನಾ ವಾಂತಿ ಮಾಡಿಕೊಂಡಳು. ಸೈಟು ಮಾಡಿ ಕಲ್ಲು ನೆಟ್ಟ ಖಾಲಿ ಜಾಗದಲ್ಲೂ ನೋಡಿದರು. ಅಲ್ಲಿ ಹುಲ್ಲು ಒಣಗಲೆಂದು ಯಾರೋ ಬೇರೆ ಔಷಧಿ ಹೊಡೆದಿದ್ದರು.

"ಎಲ್ಲೂ ಇಲ್ವಲ್ಲ ದೊಡ್ಡಮ್ಮ. ಎಲ್ಲಿ ಹಾಳಾಗ್ ಹೋದ್ವು ಇವು?" ಎಂದಳು ರಾಗಿಣಿ. ಅವಳ ಮುಖದಲ್ಲಿ ನಗು ಹೋಗಿತ್ತು.

ಮುನಿತಾಯಮ್ಮನಿಗೆ ಒಂದು ಜಾಗ ಗೊತ್ತಿತ್ತು. ಗೊತ್ತಿದ್ದೂ ಹೇಳಿರಲಿಲ್ಲ. ಕೂಸುಗಳನ್ನು ಹೂತ ಜಾಗ. ಆ ಮಣ್ಣಿಗೆ ಯಾರೂ ಬೀಜ ಹಾಕುವುದಿಲ್ಲ. ಗೌಡರ ಪೈಕಿ ಯಾರೂ ಕಾಲಿಡುವುದಿಲ್ಲ. ಕಾಲಿಡದ ಕಡೆಗೆ ಔಷಧಿಯೂ ಹೋಗುವುದಿಲ್ಲ. ಮೈಲಿಗೆ ಎಂದು ಬಿಟ್ಟ ನೆಲವಾದ್ದರಿಂದ ಅದೊಂದು ಉಳಿದಿತ್ತು.

ಶನಿವಾರ ನಸುಕಿಗೆ ಅವಳೊಬ್ಬಳೇ ಹೋದಳು. ಹೋಗುವ ಮುಂಚೆ ಬಲಗೈಯನ್ನು ಸೀಗೆಪುಡಿ ಹಾಕಿ ತಿಕ್ಕಿ ತಿಕ್ಕಿ ತೊಳೆದಳು. ಎಡಗೈಯನ್ನು ಸೆರಗಿನಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿದಳು. ಎಕ್ಕದ ಗಿಡಗಳ ತುಂಬ ಚಿಟ್ಟೆ ಕೂತಿದ್ದವು. ಕಿತ್ತಳೆ ಬಣ್ಣದ ರೆಕ್ಕೆ. ಅಂಚಿಗೆ ಕಪ್ಪು, ಕಪ್ಪಿನ ಮೇಲೆ ಬಿಳಿ ಚುಕ್ಕೆ. ಇಬ್ಬನಿಗೆ ರೆಕ್ಕೆ ಒದ್ದೆಯಾಗಿ ಹಾರಲಾರದೆ ಕೂತಿದ್ದವು. ಎಲೆಗಳ ಅಡಿಯಲ್ಲಿ ಪಟ್ಟೆಪಟ್ಟೆಯ ಹುಳಗಳು ಮೇಯುತ್ತಿದ್ದವು.

ತನ್ನ ಕೂಸಿನ ಗಿಡದ ಹತ್ತಿರ ನಿಂತಳು. ಅಲ್ಲಿಯೂ ಇದ್ದವು. ಕೈ ಚಾಚಿ, ಹಿಂದಕ್ಕೆ ತೆಗೆದಳು. ಆಮೇಲೆ ವಚನಾಳ ಹೊಟ್ಟೆ ನೆನಪಾಯಿತು.

"ನಿನ್ನ ಅಕ್ಕನಿಗೋಸ್ಕರ ಕಣೋ" ಎಂದು ಮಣ್ಣಿಗೆ ಹೇಳಿ ಬಲಗೈಯಲ್ಲಿ ಒಂದೊಂದಾಗಿ ಹಿಡಿದಳು. ಹಳೆಯ ಸೊಳ್ಳೆಪರದೆ ಹೊಲಿದು ಮಾಡಿದ ಚೀಲದೊಳಗೆ ಬಿಟ್ಟಳು. ಒಂದರ ರೆಕ್ಕೆಯೂ ಮುರಿಯಲಿಲ್ಲ. ಎಲೆ ಸಮೇತ ಕೆಲವು ರೆಂಬೆಗಳನ್ನೂ ಚೀಲದೊಳಗೆ ಇಟ್ಟಳು. ಜೀವ ಹೋಗದಿರಲಿ ಎಂದು.

ಚೀಲ ನೋಡಿ ಗೌಡ ಹಿಗ್ಗಿದ. "ಭೇಷ್! ಎಲ್ಲಿ ಸಿಕ್ವು?"

ಹೊಗಳಿಕೆ ಅವಳಿಗೆ ಹೊಸದು. ನಾಲಿಗೆ ಸಡಿಲವಾಯಿತು. "ನಮ್ಮ ಕೂಸುಗಳ ಜಾಗದಲ್ಲಿ ಗೌಡ್ರೇ. ಎಕ್ಕದ ಗಿಡದಲ್ಲಿ. ಎಲೆ ತುಂಬ ಹುಳ ಅವೆ, ಇನ್ನೂ ಎಷ್ಟು ಬೇಕಾದ್ರೂ ಹುಟ್ತವೆ."

"ಹುಳಾನಾ?" ಎಂದ ಗೌಡ. ಬೇಲಿಯ ಕಡೆ ನೋಡಿದ.

ಭಾನುವಾರ ಮಂಟಪ ಜಗಮಗ ಎನ್ನುತ್ತಿತ್ತು. ಬಾಗಿಲಿಗೆ ಗುಲಾಬಿಯ ದೊಡ್ಡ ಕಮಾನು. ಗೌಡನ ತೋಟದ್ದೇ ಗುಲಾಬಿ. ಹೂವಿನಲ್ಲಿ ನುಸಿ ಕಾಣಬಾರದೆಂದು ಹಿಂದಿನ ದಿನ ಮಧ್ಯಾಹ್ನ ಚೆನ್ನಾಗಿ ಹೊಡೆಸಿ, ಸಂಜೆ ಬಿಡಿಸಿದ್ದರು. ಆ ಡ್ರಮ್ಮನ್ನೂ ಮುನಿತಾಯಮ್ಮನೇ ಕಲಸಿದ್ದಳು, ಚೀಲ ಒಪ್ಪಿಸಿ ಬಂದ ಮೇಲೆ. ಈಗ ಅವಳನ್ನೂ ವಚನಾಳನ್ನೂ ಕೈತೊಳೆಯುವ ಜಾಗದ ಹತ್ತಿರ ನಿಲ್ಲಿಸಿದ್ದರು. ಅಲ್ಲಿಂದ ಕಮಾನು ಕಾಣುತ್ತಿತ್ತು.

ಗೌಡನ ಮೊಮ್ಮಗಳು ಸಿಂಚನಾ ರಿಬ್ಬನ್ ಎಳೆದಳು. ಚಿಟ್ಟೆಗಳು ಎದ್ದವು. ಜನ ಓ ಎಂದರು. ಮೊಬೈಲುಗಳೆಲ್ಲ ಮೇಲೆದ್ದವು. ವಚನಾ ಅಮ್ಮನ ತೋಳು ಹಿಡಿದುಕೊಂಡಳು. ಚಿಟ್ಟೆಗಳು ದೀಪದ ಕೆಳಗೆ ಒಂದು ಸುತ್ತು ಹಾಕಿ, ಹೂ ಕಂಡು, ಕಮಾನಿನ ಮೇಲೆ ಹೋಗಿ ಕೂತವು.

ಮುನಿತಾಯಮ್ಮನಿಗೆ ಆಗ ಹೊಳೆಯಿತು. "ಅಯ್ಯೋ, ಅಲ್ಲಿ ಬ್ಯಾಡ" ಎಂದಳು. ಯಾರಿಗೂ ಕೇಳಿಸಲಿಲ್ಲ.

ಮೊದಲು ಒಂದು ನಡುಗಿತು. ರೆಕ್ಕೆ ಪಟಪಟ ಬಡಿದು ಕೆಳಗೆ ಬಿತ್ತು. ಆಮೇಲೆ ಇನ್ನೊಂದು. ಆಮೇಲೆ ಉದುರತೊಡಗಿದವು. ಜರಿ ಸೀರೆಗಳ ಮೇಲೆ ಬಿದ್ದವು. ಅರ್ಚಕರ ತಟ್ಟೆಯಲ್ಲಿ ಬಿದ್ದವು. ಬೆನ್ನ ಮೇಲೆ ಮಲಗಿ ಕಾಲು ಅಲ್ಲಾಡಿಸುತ್ತಿದ್ದವು. ಒಂದು ಸಿಂಚನಾಳ ಲಂಗದ ಮೇಲೆ ಸಾಯುತ್ತಿತ್ತು. ಮಗು ಕಿಟಾರನೆ ಕಿರುಚಿತು. ಹೆಂಗಸರು ಸೀರೆ ಕೊಡವಿಕೊಂಡರು. ಶುಭಾರಂಭಕ್ಕೇ ಸಾವು, ಅಪಶಕುನ ಎಂದು ಯಾರೋ ಗೊಣಗಿದರು.

ಮಂಜುನಾಥ್ ಕೈತೊಳೆಯುವ ಜಾಗದ ಕಡೆ ಬೆರಳು ತೋರಿಸಿದ. "ನಾನ್ ಹೇಳಿದ್ನಲ್ಲ ಸಾರ್, ಹೊರಗಡೆಯಿಂದ ತರಿಸ್ಬೇಕು ಅಂತ. ಆಯಮ್ಮ ಕೈಲಿ ಹಿಡಿದು ತಂದಿರೋದು. ಕೈ ತುಂಬ ಔಷಧಿ."

ಅನಂತಲಕ್ಷ್ಮಿ ಮೊಮ್ಮಗಳನ್ನು ಎತ್ತಿಕೊಂಡು ಬಂದಳು. "ಎಷ್ಟ್ ಸಲ ಹೇಳಿದೀನಿ ನಿನ್ ಕೈಲಿ ಔಷಧಿ ಇರುತ್ತೆ ಅಂತ?"

"ಬಲಗೈಲಿ ಹಿಡಿದಿದ್ದು ಅಮ್ಮಾರೆ. ಸೀಗೆಪುಡೀಲಿ ತೊಳ್ದಿದ್ದೆ. ಔಷಧಿ ಇರೋದು ಹೂವಲ್ಲಿ. ನಿಮ್ಮ ಗುಲಾಬೀಲಿ. ನಾನೇ ಕಲಸ್ದೆ, ನಂಗೆ ಗೊತ್ತಿಲ್ವಾ?"

"ಹೂವಲ್ಲಿ ಇದ್ಯಂತೆ! ಇಷ್ಟ್ ಜನ ಮುಡ್ಕೊಂಡಿದೀವಿ, ನಮಗೆಲ್ಲ ಏನಾಯ್ತು?"

ಉಪನಗರದ ನಿವಾಸಿಗಳ ಸಂಘದ ಮಧ್ವೇಶ್ ಎಂಬ ಹಿರಿಯರು ಮೊದಲ ಸಾಲಿನಿಂದ ಎದ್ದು ಬಂದಿದ್ದರು. ಮೆತ್ತಗಿನ ಮನುಷ್ಯ. ಸತ್ತ ಒಂದು ಚಿಟ್ಟೆಯನ್ನು ಕರವಸ್ತ್ರದಲ್ಲಿ ಎತ್ತಿಕೊಂಡಿದ್ದರು. "ಇವರಿಗೆ ಇಂಥ ಸೂಕ್ಷ್ಮ ಎಲ್ಲಿ ತಿಳಿಯುತ್ತೆ ಬಿಡಿ. ಪಾಪ, ಎಂಥಾ ಸುಂದರ ಜೀವಿ" ಎಂದರು. ಆ ಪಾಪ ಚಿಟ್ಟೆಗೆ. ಎದುರಿಗೆ ನಿಂತವಳ ಸುಟ್ಟ ಕೈಗೆ ಯಾರ ಬಾಯಲ್ಲೂ ಪಾಪ ಬರಲಿಲ್ಲ.

ಗೌಡ ಹತ್ತಿರ ಬಂದು ಹಲ್ಲು ಕಚ್ಚಿ ಹೇಳಿದ: "ಹಿಂದಿನ ಬಾಗಿಲಿಂದ ಹೊರಟೋಗು. ಇಂಥಾ ಕೈಯೋಳ್ನ ಮಂಟಪದೊಳಗೆ ಬಿಟ್ಕೊಳಕ್ಕಾಗುತ್ತಾ? ಬೆಳಿಗ್ಗೆ ವಚನಾನ ಡ್ರಮ್ ಹತ್ರ ಕಳ್ಸು."

ಬೆಳಿಗ್ಗೆ ವಚನಾ ಹೋಗಲಿಲ್ಲ. ಮುನಿತಾಯಮ್ಮ ಹೋದಳು. ಗೌಡ ಹಿತ್ತಲಲ್ಲಿ ನಿಂತು ಹಲ್ಲುಜ್ಜುತ್ತಿದ್ದ. ಪಕ್ಕದಲ್ಲಿ ದೊಡ್ಡಣ್ಣ ಪಂಪು ಇಟ್ಟುಕೊಂಡು ಕುಕ್ಕರುಗಾಲಲ್ಲಿ ಕೂತಿದ್ದ.

"ಎಲ್ಲಿ ಅವ್ಳು?" ಎಂದ ಗೌಡ. "ಇವತ್ತು ಕರಿಬೇವಲ್ಲ. ಮೊದ್ಲು ನಿಮ್ಮ ಸುಡುಗಾಡಿಗೆ ಹೊಡೀಬೇಕು. ಎಷ್ಟ್ ಹೊಡುದ್ರೂ ಹುಳ ಎಲ್ಲಿಂದ ಬರ್ತವೆ ಅಂತ ತಲೆ ಕೆಡಿಸ್ಕೊಂಡಿದ್ದೆ. ನೀನೇ ಹೇಳ್ದೆ ನೋಡು."

ಮುನಿತಾಯಮ್ಮ ಬೇಲಿಯ ಕಡೆ ತಿರುಗಿ ನೋಡಿದಳು. "ಎಕ್ಕದ ಹುಳ ಎಕ್ಕ ಬಿಟ್ಟು ಬೇರೆ ತಿನ್ನಾಕಿಲ್ಲ ಗೌಡ್ರೇ. ನಿಮ್ಮ ಕರಿಬೇವಿಗೆ ಬರಾಕಿಲ್ಲ."

"ಹುಳ ಅಂದ್ರೆ ಹುಳಾನೇ. ಮಗಳನ್ನ ಕರಿ."

"ಕರೆಯಾಕಿಲ್ಲ."

ಗೌಡ ಬ್ರಷ್ಷು ಬಾಯಿಂದ ತೆಗೆದ. "ಏನಂದೆ?"

"ಕರೆಯಾಕಿಲ್ಲ ಅಂದೆ. ನನ್ನ ಮಗಳು ನಿನ್ನ ಡ್ರಮ್ಮಿಗೆ ಕೈ ಹಾಕಾಕಿಲ್ಲ." ಅವಳು ಎಂದೂ ಅವನಿಗೆ ನೀನು ಎಂದವಳಲ್ಲ. ಒಮ್ಮೆ ಅಂದ ಮೇಲೆ ನಿಲ್ಲಿಸಲೂ ಇಲ್ಲ. "ನನ್ನ ಗಂಡನ್ನ ತಿಂದೆ. ನನ್ನ ಕೈ ತಿಂದೆ. ಹೊಟ್ಟೇಲಿದ್ದ ಕೂಸು ತಿಂದೆ. ಹೂತ ಮೇಲಾದ್ರೂ ಬಿಡೋ! ಆ ಮಣ್ಣಿಗೂ ಔಷಧಿ ಹೊಡಿತೀಯಾ? ಅಲ್ಲಿರೋ ಕೂಸುಗಳು ನಿನ್ನ ಯಾವ ಸೊಪ್ಪು ತಿಂದವ್ವೋ?"

ದೊಡ್ಡಣ್ಣ ತಲೆ ಎತ್ತಲಿಲ್ಲ. ಮುನಿತಾಯಮ್ಮ ಗೋಡೆಯ ಹತ್ತಿರ ಹೋದಳು. ಎಡಗೈಯಲ್ಲಿ ನಲ್ಲಿ ಹಿಡಿದಳು. ಹಿಡಿದದ್ದು ಕೈಗೆ ತಿಳಿಯಲಿಲ್ಲ, ಕಣ್ಣಲ್ಲಿ ನೋಡಿಕೊಂಡು ತಿರುವಿದಳು. ನೀರು ಧೋ ಎಂದು ಬಂತು. ಬಲ ಅಂಗೈಯಲ್ಲಿ ಹಿಡಿದು ಕುಡಿದಳು. ಮುಖ ತೊಳೆದಳು. ಸಾವಕಾಶವಾಗಿ ಮೊಣಕೈವರೆಗೆ ಎರಡೂ ಕೈ ತೊಳೆದಳು. ಅನಂತಲಕ್ಷ್ಮಿ ಬಾಗಿಲಿಗೆ ಬಂದು ಚೀರಿದಳು. ಮುನಿತಾಯಮ್ಮ ನಲ್ಲಿ ನಿಲ್ಲಿಸದೆ ಹೊರಟಳು.

"ಮಧ್ಯಾಹ್ನದೊಳಗೆ ಷೆಡ್ ಖಾಲಿ ಮಾಡು!" ಎಂದು ಗೌಡ ಹಿಂದಿನಿಂದ ಕೂಗಿದ. "ಕೆಲ್ಸಕ್ಕೆ ಜನ ಇಲ್ಲ ಅಂದ್ಕೊಂಡ್ಯಾ?"

ಖಾಲಿ ಮಾಡುವುದಕ್ಕೆ ಷೆಡ್ಡಿನಲ್ಲಿ ಹೆಚ್ಚೇನಿರಲಿಲ್ಲ. ಪಾತ್ರೆ, ಚಾಪೆ, ರಾಮಯ್ಯನ ಒಂದು ಫೋಟೋ. ವಚನಾ ಬಟ್ಟೆ ಗಂಟು ಕಟ್ಟುತ್ತಾ ಎಲ್ಲಿಗೆ ಹೋಗೋಣ ಎಂದು ಕೇಳಿದಳು. ಮುನಿತಾಯಮ್ಮ ಫೋಟೋವನ್ನು ಚಾಪೆಯೊಳಗೆ ಸುತ್ತಿದಳು. ಹೋಗುವ ಕಡೆ ಗೊತ್ತಿಲ್ಲದಿದ್ದರೂ ಎದೆಯೊಳಗೆ ಬಹಳ ದಿನದಿಂದ ಇಲ್ಲದ ಹಗುರ ಇತ್ತು. ಮಗಳ ಕೈ ಹಿಡಿದು ನೋಡಿದಳು. ನುಣುಪಾದ ಕೈ. ಉಗುರು ಕೆಂಪಗಿದ್ದವು. ಇದೊಂದು ಉಳಿಯಿತು ಎಂದುಕೊಂಡಳು.

ಆಗ ಪಂಪಿನ ಸದ್ದು ಕೇಳಿಸಿತು. ಬೇಲಿಯ ಆಚೆಯಿಂದ.

ಅವಳು ಓಡಿದಳು. ಎಕ್ಕದ ಗಿಡಗಳು ಆಗಲೇ ತೊಯ್ದು ಹೋಗಿದ್ದವು. ದೊಡ್ಡಣ್ಣ ಬಾಯಿಗೆ ಟವೆಲು ಕಟ್ಟಿಕೊಂಡು ಹೊಡೆಯುತ್ತಿದ್ದ. ಅವನ ಮೊದಲ ಮಗುವೂ ಅದೇ ಮಣ್ಣಿನಲ್ಲಿತ್ತು. ಅದರ ಗಿಡದ ಮುಂದೆ ಬಂದಾಗ ಅವನು ಮುಖ ಆ ಕಡೆ ತಿರುಗಿಸಿಕೊಂಡ. ಕೈ ಮಾತ್ರ ನಿಲ್ಲಿಸಲಿಲ್ಲ. ಪಟ್ಟೆಪಟ್ಟೆಯ ಹುಳಗಳು ಎಲೆಯಿಂದ ಉದುರಿ ಮಣ್ಣಿನಲ್ಲಿ ಮೈ ಹೊಸೆಯುತ್ತಿದ್ದವು.

"ದೊಡ್ಡಣ್ಣ, ನಿಲ್ಸೋ! ನಿನ್ನ ಕೂಸೂ ಐತಲ್ಲೋ ಇಲ್ಲಿ!"

ಟವೆಲಿನೊಳಗಿಂದ ಅವನ ಮಾತು ಬಂತು. "ಗೊತ್ತು ಅತ್ತಿಗೆ. ನಾನ್ ಹೊಡೀದಿದ್ರೆ ಇನ್ನೊಬ್ಬ ಹೊಡಿತಾನೆ. ನಂಗೂ ಮನೆ ಐತೆ. ಪಕ್ಕಕ್ಕೆ ಬನ್ನಿ, ಮೈ ಮೇಲೆ ಬೀಳುತ್ತೆ."

ಅವಳು ಪಕ್ಕಕ್ಕೆ ಬರಲಿಲ್ಲ. ತನ್ನ ಕೂಸಿನ ಗಿಡದ ಮುಂದೆ ನಿಂತಳು. ಅವನು ಅವಳನ್ನು ಬಿಟ್ಟು ಆಚೀಚೆ ಹೊಡೆದ. ಗಾಳಿ ಉಳಿದ ಕೆಲಸ ಮಾಡಿತು.

ಪಂಪು ಖಾಲಿಯಾಯಿತು. ದೊಡ್ಡಣ್ಣ ತುಂಬಿಸಿಕೊಳ್ಳಲು ಬೇಲಿಯ ಹತ್ತಿರದ ನೀಲಿ ಡ್ರಮ್ಮಿನ ಕಡೆ ನಡೆದ. ಮುನಿತಾಯಮ್ಮ ಆಗ ನೋಡಿದಳು. ಡ್ರಮ್ಮಿನ ಮೇಲೆ ಬಗ್ಗಿ ಯಾರೋ ಕಲಸುತ್ತಿದ್ದರು. ಬಲಗೈ ಬೆನ್ನ ಹಿಂದಿತ್ತು. ಎಡಗೈ ಮೊಣಕೈವರೆಗೆ ಒಳಗಿತ್ತು.

"ರಾಗಿಣೀ! ಕೈ ತೆಗಿಯೇ! ತೆಗಿಯೇ ಆಚೆಗೆ!"

ರಾಗಿಣಿ ಬೆಚ್ಚಿ ತಿರುಗಿದಳು. ದೊಡ್ಡಮ್ಮ ಯಾಕೆ ಹಾಗೆ ಕಿರುಚುತ್ತಿದ್ದಾಳೆಂದು ಅವಳಿಗೆ ತಿಳಿಯಲಿಲ್ಲ. ಸಮಾಧಾನ ಮಾಡುವವಳ ಹಾಗೆ ಹೇಳಿದಳು.

"ಎಡಗೈ ಕಣ್ ದೊಡ್ಡಮ್ಮ. ನೀವೇ ಹೇಳ್ಕೊಟ್ಟಿದ್ರಲ್ಲ. ಉಣ್ಣೋ ಕೈ ಹಾಕಿಲ್ಲ, ನೋಡಿ."

ಬಲಗೈಯನ್ನು ಎತ್ತಿ ತೋರಿಸಿದಳು. ಒಣಗಿತ್ತು.

ಮುನಿತಾಯಮ್ಮ ಅವಳ ರಟ್ಟೆ ಹಿಡಿದು ಎಳೆದಳು. ಎಡಗೈ ಹೊರಗೆ ಬಂತು. ಬೆರಳ ತುದಿಯಿಂದ ಬಿಳಿ ನೀರು ತೊಟ್ಟಿಕ್ಕುತ್ತಿತ್ತು. ಸೆರಗಿನಲ್ಲಿ ಒರೆಸಿದಳು, ಹೋಗಲಿಲ್ಲ. ತೊಳೆಯಲು ನೀರಿಗಾಗಿ ಸುತ್ತ ನೋಡಿದಳು. ಅಲ್ಲಿ ಇದ್ದ ನೀರೆಲ್ಲ ಡ್ರಮ್ಮಿನಲ್ಲಿತ್ತು.